ರೋಗ ತಡೆಯುವ ವಿದ್ಯೆಯೂ ನಮ್ಮ ಮೂರು ತಾಲೂಕುಗಳೂ

ಕಳೆದ ಸೋಮವಾರ, ಸಂತೆಯ ದಿನ, ನಾವು ಪುತ್ತೂರಿನಲ್ಲಿದ್ದೆವು. ಯೂನಿಯನ್ ಕಛೇರಿಯ ಮೆಟ್ಟಿಲಲ್ಲಿ ಕಡಬದ ಕಡೆಯ ಒಬ್ಬ ತಾಯಿಯೂ ಅವರ ಮಗಳೂ ನಮಗಾಗಿ ಕಾದು ಕುಳಿತಿದ್ದರು. ತಾಯಿ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವರು. ಗೇರುಸಿಪ್ಪೆಯ ಎಣ್ಣೆ ತಾಗಿ ತಾಗಿ ಅವರ ಬೆರಳ ತುದಿಗಳು ಕಪ್ಪಾಗಿ ಸುಲಿದಿವೆ. ಮಗಳು ನರ್ಸಿಂಗ್ ಮುಗಿಸಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಅವಳ ಕೈಯಲ್ಲಿ ಒಂದು ಕಾಗದವಿತ್ತು. ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಪಾಠ ಕೇಳಿ ಎರಡು ವರ್ಷದಲ್ಲಿ ಸಮುದಾಯ ಆರೋಗ್ಯ ಹಾಗೂ ರೋಗ ತಡೆಯುವ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆಯಬಹುದೆಂದು ಹೊರರಾಜ್ಯದ ಒಂದು ವಿಶ್ವವಿದ್ಯಾನಿಲಯ ಅದರಲ್ಲಿ ಸಾರಿತ್ತು. ಫೀಸು ಲಕ್ಷದ ಮೇಲೆ.

"ಇದೆಂತ ಓದು ಮಾರಾಯ್ರೆ?" ಎಂದು ತಾಯಿ ನಮ್ಮನ್ನೇ ಕೇಳಿದರು. "ಓದಿದ್ರೆ ಡಾಕ್ಟ್ರು ಆಗ್ತಾಳಾ ಅಂತ ಕೇಳಿದೆ, ಇಲ್ವಂತೆ. ಮದ್ದು ಬರೀಲಿಕ್ಕುಂಟಾ ಅಂತ ಕೇಳಿದೆ, ಅದೂ ಇಲ್ವಂತೆ. ಮತ್ತೆ ಸೊಸೈಟಿಯಲ್ಲಿ ಸಾಲ ಮಾಡುವುದು ಎಂತಕ್ಕೆ?"

"ರೋಗ ಬರದ ಹಾಗೆ ಮಾಡ್ಲಿಕ್ಕೆ ಕಲಿಯುವುದಮ್ಮಾ" ಎಂದಳು ಮಗಳು.

"ಬರದ ರೋಗಕ್ಕೆ ಸಂಬಳ ಕೊಡುವವರು ಯಾರು?" ಎಂದು ತಾಯಿ ತಿರುಗಿ ಕೇಳಿದರು.

ಆ ಪ್ರಶ್ನೆಗೆ ಮೆಟ್ಟಿಲ ಮೇಲೆ ನಿಂತು ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ವಾರವಿಡೀ ಅದು ನಮ್ಮನ್ನು ಬಿಡಲೂ ಇಲ್ಲ. ಮಂತ್ರಿಗಳಿಗೂ ವಿಶ್ವವಿದ್ಯಾನಿಲಯದ ಪಂಡಿತರಿಗೂ ಯಾರೂ ಕೇಳದ ಪ್ರಶ್ನೆಯನ್ನು ಬೀಜ ಒಡೆಯುವ ಒಬ್ಬ ಹೆಂಗಸು ಕೇಳಿದ್ದಾರೆ. ಆದುದರಿಂದ ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಈ ವಿದ್ಯೆ ಎಂಥದೆಂಬುದನ್ನು ಹೇಳಬೇಕು. ಡಾಕ್ಟರರು ಒಬ್ಬ ರೋಗಿಯನ್ನು ನೋಡಿ ಇವನಿಗೆ ಏನಾಗಿದೆ ಎಂದು ಕೇಳುತ್ತಾರೆ. ಈ ಶಾಸ್ತ್ರದವರು ಊರನ್ನು ನೋಡಿ, ಈ ವಾರ್ಡಿನಲ್ಲಿ ಹತ್ತು ಮಂದಿಗೆ ಬಂದದ್ದು ಆ ವಾರ್ಡಿನಲ್ಲಿ ಒಬ್ಬನಿಗೂ ಏಕೆ ಬರಲಿಲ್ಲ ಎಂದು ಕೇಳುತ್ತಾರೆ. 1854ರಲ್ಲಿ ಲಂಡನ್ನಿನ ಸೋಹೋ ಎಂಬ ಕೇರಿಯಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯರು ಮನೆ ಮನೆ ಸುತ್ತಿ, ಸತ್ತವರು ಯಾವ ಪಂಪಿನ ನೀರು ಕುಡಿಯುತ್ತಿದ್ದರೆಂದು ವಿಚಾರಿಸಿ, ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ಹಿಡಿಯನ್ನು ಕಳಚಿಸಿದರು. ಕಾಲರಾದ ಕ್ರಿಮಿ ರೋಗಕ್ಕೆ ಕಾರಣವೆಂಬುದನ್ನು ವೈದ್ಯಲೋಕ ಆಗ ಇನ್ನೂ ಒಪ್ಪಿರಲಿಲ್ಲ; ಎಣಿಕೆಯೊಂದೇ ಅವರ ಕೈಯಲ್ಲಿದ್ದ ಆಯುಧ. ಅದಕ್ಕೂ ಆರು ವರ್ಷ ಮೊದಲು, 1848ರಲ್ಲಿ, ಪ್ರಷ್ಯದ ಸರಕಾರ ರುಡಾಲ್ಫ್ ವಿರ್ಶೋ ಎಂಬ ತರುಣ ವೈದ್ಯರನ್ನು ಸೈಲೀಸಿಯದ ಜ್ವರದ ಕಾರಣ ಹುಡುಕಲು ಕಳುಹಿಸಿತು. ಅವರು ಹಿಂದಿರುಗಿ ಬಂದು ಮದ್ದಿನ ಪಟ್ಟಿಯನ್ನೊಪ್ಪಿಸಲಿಲ್ಲ. ಆ ನೇಕಾರರಿಗೂ ಗಣಿಗಾರರಿಗೂ ಹೊಟ್ಟೆಗೆ ಅನ್ನ, ಶಾಲೆ, ರಸ್ತೆ, ತಮ್ಮನ್ನು ತಾವೇ ಆಳಿಕೊಳ್ಳುವ ಹಕ್ಕು ಬೇಕೆಂದು ಬರೆದುಕೊಟ್ಟರು. ಸರಕಾರಕ್ಕೆ ಅದು ಹಿಡಿಸಲಿಲ್ಲವೆಂಬುದನ್ನು ವಾಚಕರು ಊಹಿಸಿಯಾರು.

ಲಂಡನ್ನೂ ಸೈಲೀಸಿಯವೂ ಇರಲಿ, ನಮ್ಮ ಅಂಗಳಕ್ಕೆ ಬರೋಣ. ಮುಂಗಾರು ಇಳಿದೊಡನೆ ಪುತ್ತೂರು, ಸುಳ್ಯ, ಕಡಬಗಳ ಆಸ್ಪತ್ರೆಗಳಲ್ಲಿ ಡೆಂಗಿ ಜ್ವರದವರ ಸಾಲು ಶುರುವಾಗುತ್ತದೆ. ಅದನ್ನು ತರುವ ಸೊಳ್ಳೆ ಹಗಲು ಕಚ್ಚುತ್ತದೆ, ಚರಂಡಿಯ ಕೊಳೆನೀರು ಅದಕ್ಕೆ ಬೇಡ, ನಿಂತ ತಿಳಿನೀರೇ ಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಹುಟ್ಟಿದ ಜಾಗದಿಂದ ಬಹುದೂರ ಅದು ಹಾರುವುದೂ ಇಲ್ಲ. ಇಷ್ಟು ತಿಳಿದ ಮೇಲೆ ನಮ್ಮ ತೋಟಗಳನ್ನೊಮ್ಮೆ ನೋಡಿರಿ. ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರಗಳಲ್ಲಿ ಮಗುಚಿ ಹಾಕದ ಗೆರಟೆಗಳು, ಅಡಿಕೆ ತೋಟದಲ್ಲಿ ಬಿದ್ದ ಹಾಳೆಗಳು, ಕೊಕ್ಕೋ ಒಡೆದು ಬಿಸಾಡಿದ ಕೋಡುಗಳು, ಗ್ಯಾರೇಜಿನ ಹಿಂದೆ ರಾಶಿ ಬಿದ್ದ ಟಯರುಗಳು. ಒಂದೊಂದು ಗೆರಟೆಯೂ ಸೊಳ್ಳೆಗೆ ಒಂದೊಂದು ಕೆರೆ. ವಾರಕ್ಕೊಮ್ಮೆ ಎಲ್ಲವನ್ನೂ ಮಗುಚಿದರೆ ಮುಗಿಯಿತು. ಆದರೆ ಒಬ್ಬನು ಮಗುಚಿ ನೆರೆಯವನು ಬಿಟ್ಟರೆ ಫಲವಿಲ್ಲ; ಸಾವಿರಾರು ಮರಗಳ ರಬ್ಬರ್ ತೋಟದಲ್ಲಿ ಆ ಕೂಲಿಯನ್ನು ಕೊಡುವವರು ಯಾರೆಂಬ ಪ್ರಶ್ನೆಯೂ ಇದೆ. ಟ್ಯಾಪರನ ಕೂಲಿ ಹಾಲಿನ ಲೆಕ್ಕದಲ್ಲಿದೆ, ಮಗುಚಿದ ಗೆರಟೆಯ ಲೆಕ್ಕದಲ್ಲಿಲ್ಲ. ಹೀಗೆ ಸೊಳ್ಳೆಯಿಂದ ಹೊರಟ ಶಾಸ್ತ್ರ ಕೂಲಿಯ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಫಾಗಿಂಗ್ ಯಂತ್ರದ ಹೊಗೆಯನ್ನು ಪೇಟೆಯಲ್ಲಿ ಬಿಟ್ಟು ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಳ್ಳುವವರಿಗೆ ಈ ಲೆಕ್ಕ ರುಚಿಸುವುದಿಲ್ಲ.

ಇನ್ನು ಗೇರು ಗುಡ್ಡೆಗಳ ಕಥೆ. ಅದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ. ಏಕೆಂದರೆ ಈ ವಿದ್ಯೆ ನಮ್ಮ ಊರುಗಳಲ್ಲಿ ಇಲ್ಲದೆ ಹೋದುದರಿಂದ ಏನಾಯಿತೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

1982-83ರಲ್ಲಿ ನಮ್ಮ ಪಕ್ಕದ ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆ ಸುತ್ತಿನಲ್ಲಿ ಮಂಗನ ಜ್ವರ ಬಂದಿತು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಜ್ವರ ಅದು. ಸತ್ತ ಮಂಗಗಳ ಮೈಯಿಂದ ಇಳಿದ ಉಣುಗುಗಳು ಕಾಡಿಗೆ ಹೋದವರನ್ನು ಕಚ್ಚಿ ಹಬ್ಬಿಸುವ ರೋಗ. ಬೆಳ್ತಂಗಡಿಯ ಆ ವರ್ಷದಲ್ಲಿ ಸಾವಿರಕ್ಕೂ ಮಿಕ್ಕಿದ ಜನ ಹಾಸಿಗೆ ಹಿಡಿದರು, ನೂರಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ಹುಡುಕಿದವರು ಬೆರಳು ತೋರಿಸಿದ್ದು ಎಲ್ಲಿಗೆ? ಗೇರು ನೆಡುವುದಕ್ಕೆಂದು ನೂರಾರು ಎಕರೆ ಹಳೆಯ ಕಾಡನ್ನು ಬೋಳಿಸಿದ ಜಾಗಕ್ಕೆ. ಕಾಡು ಕಡಿದ ಕೂಲಿಯವರೂ ಅದರ ಅಂಚಿನಲ್ಲಿ ದನ ಮೇಯಿಸಿದವರೂ ಮೊದಲು ಬಿದ್ದರು.

ಅದೇ ವರ್ಷಗಳಲ್ಲಿ ಅದೇ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರು ಬಂದಿತು. ಗೇರಿನ ಚಿಗುರನ್ನೂ ಹೂವನ್ನೂ ಕರಟಿಸುವ ಟೀ ಸೊಳ್ಳೆಯನ್ನು ಕೊಲ್ಲಲು ಎಂಡೋಸಲ್ಫಾನ್ ಎಂಬ ವಿಷವನ್ನು ಆಕಾಶದಿಂದ ಸುರಿದರು. ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ, ಆಗಿನ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬಕ್ಕೆ ಬಂದಿರುವ ಊರುಗಳಲ್ಲಿಯೂ ರಾಜ್ಯದ ಗೇರು ಅಭಿವೃದ್ಧಿ ನಿಗಮದ ತೋಟಗಳಿದ್ದುವು. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನವು. ಎರಡೂ ಸರಕಾರದ ಸಂಸ್ಥೆಗಳೇ ಎಂಬುದನ್ನು ಖಾಸಗಿಯವರನ್ನು ಮಾತ್ರ ಬೈಯುವ ನಮ್ಮ ಗೆಳೆಯರು ಮರೆಯಬಾರದು. ಬಾವಿಗಳಿಗೆ ಮುಚ್ಚಳವಿರಲಿಲ್ಲ, ತೋಡುಗಳು ಗುಡ್ಡೆಯಿಂದಲೇ ಇಳಿಯುತ್ತಿದ್ದುವು. 2000ದ ಹೊತ್ತಿಗೆ ಸಿಂಪಡಣೆ ನಿಂತಾಗ ಇಪ್ಪತ್ತು ವರ್ಷದಷ್ಟು ಕಾಲ ಕಳೆದಿತ್ತು.

ಈ ಇಪ್ಪತ್ತು ವರ್ಷದಲ್ಲಿ ಯಾರಿಗೆ ಗೊತ್ತಾಯಿತು? ಪಡ್ರೆ ಗ್ರಾಮದ ವಾಣಿನಗರದಲ್ಲಿ ದವಾಖಾನೆ ಇಟ್ಟಿದ್ದ ಡಾ. ವೈ. ಎಸ್. ಮೋಹನ ಕುಮಾರರಿಗೆ ಗೊತ್ತಾಯಿತು. ಒಂದು ಚಿಕ್ಕ ಊರಿನಲ್ಲಿ ಇಷ್ಟೊಂದು ಅಂಗವೈಕಲ್ಯ, ಬುದ್ಧಿಮಾಂದ್ಯ, ಅರ್ಬುದ ಏಕೆಂದು ಅವರು ತಮ್ಮ ರೋಗಿಗಳ ಮನೆಗಳನ್ನು ಗುರುತಿಸುತ್ತ ಹೋದರು. ಪುತ್ತೂರಿನಿಂದ ಪ್ರಕಟವಾಗುವ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರಿಗೆ ಗೊತ್ತಾಯಿತು, ಅವರು ಬರೆದರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿಯಮ್ಮನವರಿಗೆ ಗೊತ್ತಾಯಿತು. ಅವರು 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದರು. ಒಬ್ಬ ಹಳ್ಳಿಯ ಡಾಕ್ಟರು, ಒಬ್ಬ ಪತ್ರಕರ್ತರು, ಒಬ್ಬ ಹೆಣ್ಣುಮಗಳು. ಇವರಲ್ಲಿ ಯಾರಿಗೂ ಇದು ಸಂಬಳದ ಕೆಲಸವಾಗಿರಲಿಲ್ಲ. ಸಂಬಳ ಪಡೆಯುತ್ತಿದ್ದ ಇಲಾಖೆಗಳ ಕಡತಗಳಲ್ಲಿ ಎಲ್ಲವೂ ಸರಿಯಾಗಿತ್ತು.

ಆಮೇಲೆ ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಪಡ್ರೆಯ ಶಾಲೆಯ ಮಕ್ಕಳನ್ನೂ ಸಿಂಪಡಣೆಯಾಗದ ಮೀಂಜದ ಮಕ್ಕಳನ್ನೂ ಹೋಲಿಸಿ ನೋಡಿದರು, ವ್ಯತ್ಯಾಸ ಕಂಡರು. ಜಾನ್ ಸ್ನೋ ಮಾಡಿದ್ದೂ ಅದೇ ಜಾತಿಯ ಕೆಲಸ: ಎರಡು ಕಡೆ ಎಣಿಸು, ಹೋಲಿಸು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಈ ವಿಷವನ್ನು ಜಗತ್ತಿನಿಂದ ತೆಗೆಯಬೇಕೆಂದು ತೀರ್ಮಾನಿಸಿದುವು; ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆಯನ್ನೂ ಮಾರಾಟವನ್ನೂ ತಡೆಯಿತು. ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಸಂತ್ರಸ್ತ ಮಕ್ಕಳಿಗಾಗಿ ಪಾಲನಾ ಕೇಂದ್ರಗಳಾದುವು, ಮಾಸಾಶನ ಬಂದಿತು. ಅಲ್ಲಿರುವ ಮಕ್ಕಳಲ್ಲಿ ಎಷ್ಟೋ ಮಂದಿ ಈಗ ಮಕ್ಕಳಲ್ಲ. ಅವರನ್ನು ಎತ್ತಿ ಮೀಯಿಸುವ ತಾಯಂದಿರಿಗೆ ಬೆನ್ನು ಬಾಗಿದೆ.

ಎಲ್ಲ ಕೇಡೂ ಎಂಡೋಸಲ್ಫಾನಿನಿಂದಲೇ ಆಯಿತೆಂದು ಒಪ್ಪದ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಅವರ ಮಾತನ್ನೂ ನಾವು ಓದಿದ್ದೇವೆ. ನಮಗನ್ನಿಸುವುದಿಷ್ಟು: ಈ ವಾದ ಇಷ್ಟು ದೀರ್ಘವಾಗಿ ನಡೆಯಲು ಎಡೆಯಾದುದೇ ಆಗ ಯಾರೂ ಎಣಿಸದೆ ಇದ್ದುದರಿಂದ. ಹೆಲಿಕಾಪ್ಟರು ಹಾರುವ ಮೊದಲು ಗ್ರಾಮದಲ್ಲಿ ಸಾವಿರ ಹೆರಿಗೆಗೆ ಎಷ್ಟು ಮಕ್ಕಳು ಊನವಾಗಿ ಹುಟ್ಟುತ್ತಿದ್ದುವು, ಹಾರಿದ ಐದನೆಯ ವರ್ಷಕ್ಕೆ ಎಷ್ಟು, ಹತ್ತನೆಯ ವರ್ಷಕ್ಕೆ ಎಷ್ಟು, ಗುಡ್ಡೆಯ ಆಚೆಯ ಗ್ರಾಮದಲ್ಲಿ ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡುವ ಒಬ್ಬ ವ್ಯಕ್ತಿ ಇದ್ದಿದ್ದರೆ, ಹಾಗೆ ಬರೆದಿಟ್ಟುದನ್ನು ಮೇಲಿನವರು ಓದಲೇಬೇಕೆಂಬ ಕಟ್ಟು ಇದ್ದಿದ್ದರೆ, ಇಪ್ಪತ್ತು ವರ್ಷ ಕಾಯಬೇಕಾಗಿರಲಿಲ್ಲ. ಉಪಕೇಂದ್ರದ ದಾದಿಯರು ಹೆರಿಗೆ ಮಾಡಿಸುತ್ತಲೇ ಇದ್ದರು, ಕಣ್ಣಾರೆ ಕಾಣುತ್ತಲೂ ಇದ್ದರು. ಕಂಡುದನ್ನು ಪ್ರಮಾಣವಾಗಿ ಮಾಡುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಲಿಲ್ಲ. ಆ ಹುಡುಗಿ ಈಗ ಓದಬೇಕೆಂದಿರುವುದು ಅದನ್ನೇ.

ಹೀಗಿರುವಾಗ ಓದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ನಮಗಿಲ್ಲ. ಮನೆಯಲ್ಲಿ ಕುಳಿತು ಓದಬಹುದೇ ಎಂಬುದು ಮುಂದಿನ ಪ್ರಶ್ನೆ. ದೂರಶಿಕ್ಷಣವೆಂದರೆ ಎರಡನೆಯ ದರ್ಜೆಯದೆಂಬ ತಾತ್ಸಾರ ನಮ್ಮ ವಿದ್ಯಾವಂತರಲ್ಲಿದೆ. ಬೇರೆ ವಿಷಯಗಳ ಮಾತು ಹೇಗೋ, ಈ ವಿಷಯದಲ್ಲಿ ನಾವದನ್ನು ಒಪ್ಪೆವು. ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಿ ಹಾಸ್ಟೆಲಿನಲ್ಲಿ ಕುಳಿತು ಊರಿನ ಆರೋಗ್ಯ ಓದುವವಳಿಗೆ ಓದಬೇಕಾದ ಊರೇ ಕೈತಪ್ಪುತ್ತದೆ. ನಮ್ಮ ಮೂರು ತಾಲೂಕುಗಳಲ್ಲಿ ಒಂದು ಬೈಲಿನಲ್ಲಿ ತುಳು, ಇನ್ನೊಂದರಲ್ಲಿ ಅರೆಭಾಷೆ, ತೋಟದ ಮನೆಯಲ್ಲಿ ಹವ್ಯಕ ಕನ್ನಡ, ಪೇಟೆಯ ಅಂಗಡಿಯಲ್ಲಿ ಬ್ಯಾರಿ ಭಾಷೆ, ಗಡಿಯಲ್ಲಿ ಮಲೆಯಾಳ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇಲೆ ಸಿಂಹಳದಿಂದ ಬಂದು ಸುಳ್ಯದ ರಬ್ಬರ್ ಕಾಲೊನಿಗಳಲ್ಲಿ ನೆಲೆಸಿದವರ ಮನೆಗಳಲ್ಲಿ ತಮಿಳು. ಜ್ವರ ಯಾವಾಗ ಬಂತಮ್ಮಾ, ನೀರು ಎಲ್ಲಿಂದ ತರುತ್ತೀರಿ ಎಂದು ಇಷ್ಟು ನುಡಿಗಳಲ್ಲಿ ಕೇಳಿ ನಂಬಿಕೆಯ ಉತ್ತರ ಪಡೆಯಬಲ್ಲವರು ಇಲ್ಲಿಯೇ ಹುಟ್ಟಿ ಬೆಳೆದವರು ಮಾತ್ರ. ಅಂಥವರು ಊರಲ್ಲಿದ್ದುಕೊಂಡೇ, ಕೆಲಸ ಬಿಡದೆಯೇ ಓದುವುದಾದರೆ ಅದಕ್ಕಿಂತ ಒಳ್ಳೆಯದೇನಿದೆ? ಹೆಣ್ಣುಮಕ್ಕಳಿಗಂತೂ, ಅದರಲ್ಲೂ ಮದುವೆಯಾಗಿ ಮಗುವಿರುವವರಿಗೆ, ಬೇರೆ ದಾರಿಯೇ ಇಲ್ಲ.

ಆದರೆ ದಾರಿಯಲ್ಲಿ ಕಲ್ಲುಗಳಿವೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ಒಬ್ಬ ಹುಡುಗಿ ನೆಟ್‌ವರ್ಕ್ ಸಿಗುವ ಜಾಗ ಹುಡುಕಿ ರಸ್ತೆ ಬದಿಯಲ್ಲಿ ಕುಳಿತು ಎಸ್.ಎಸ್.ಎಲ್.ಸಿ. ಪಾಠ ಕೇಳುತ್ತಿದ್ದುದೂ, ತಂದೆ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತುದೂ ವಾಚಕರಿಗೆ ನೆನಪಿರಬೇಕು. ಆ ಚಿತ್ರ ದೇಶವೆಲ್ಲ ಸುತ್ತಿತು, ಎಲ್ಲರೂ ಅಯ್ಯೋ ಎಂದರು. ಜಡಿಮಳೆಗೆ ಕರೆಂಟು ಹೋಗಿ ಟವರು ಸಾಯುವುದು ನಮ್ಮ ಎಷ್ಟೋ ಗ್ರಾಮಗಳಲ್ಲಿ ಇನ್ನೂ ನಿಂತಿಲ್ಲ.

ಎರಡನೆಯ ಕಲ್ಲು ಪದವಿಯ ವ್ಯಾಪಾರ. ಮೈಸೂರಿನ ನಮ್ಮದೇ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯ, 1996ರಲ್ಲಿ ಸ್ಥಾಪನೆಯಾದುದು, ಹೊರರಾಜ್ಯಗಳಲ್ಲಿ ಖಾಸಗಿಯವರ ಮೂಲಕ ಕೋರ್ಸು ನಡೆಸಿದ ಕಾರಣಕ್ಕೆ ಯು.ಜಿ.ಸಿ.ಯ ಮಾನ್ಯತೆ ಕಳೆದುಕೊಂಡು, 2018ರಲ್ಲಿ ಮತ್ತೆ ಪಡೆಯುವ ವರೆಗೆ ವಿದ್ಯಾರ್ಥಿಗಳು ಪಟ್ಟ ಪಾಡು ಸಣ್ಣದಲ್ಲ. 2025ರಲ್ಲಿ ಯು.ಜಿ.ಸಿ. ಮತ್ತೊಂದು ಆಜ್ಞೆ ಹೊರಡಿಸಿತು: 2021ರ ಆರೋಗ್ಯ ವೃತ್ತಿಗಳ ಕಾಯಿದೆಗೆ ಒಳಪಟ್ಟ ಮನಃಶಾಸ್ತ್ರ, ಪೋಷಣಾಶಾಸ್ತ್ರ, ಮೈಕ್ರೊಬಯಾಲಜಿ ಮೊದಲಾದ ವಿಷಯಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಕೂಡದು ಎಂದು. ರೋಗಿಯ ಮೈಮುಟ್ಟುವ ವಿದ್ಯೆಯನ್ನು ಮೊಬೈಲಿನಲ್ಲಿ ಕಲಿಯಲಾಗದೆಂಬುದು ಸರಿಯೇ. ಆದರೆ ಹಾಗೆ ಒಂದೇ ಸಾಲಿನಲ್ಲಿ ಬಾಗಿಲು ಮುಚ್ಚುವಾಗ ಪುತ್ತೂರಿನ ರಾತ್ರಿಪಾಳಿಯ ನರ್ಸಿಗೆ ಬೇರೆ ಯಾವ ಬಾಗಿಲು ತೆರೆದಿದೆಯೆಂದು ಯಾರೂ ನೋಡಿದಂತಿಲ್ಲ. ಆ ಹುಡುಗಿಗೆ ನಾವು ಅಂದೇ ಹೇಳಿದ ಮಾತನ್ನು ಇಲ್ಲಿಯೂ ಹೇಳುತ್ತೇವೆ: ಹಣ ಕಟ್ಟುವ ಮೊದಲು ಆ ವಿಶ್ವವಿದ್ಯಾನಿಲಯದ ಆ ಕೋರ್ಸಿಗೆ ಆ ವರ್ಷಕ್ಕೆ ಯು.ಜಿ.ಸಿ.ಯ ಒಪ್ಪಿಗೆ ಇದೆಯೇ ಎಂದು ಯು.ಜಿ.ಸಿ.ಯ ಪಟ್ಟಿಯಲ್ಲಿಯೇ ನೋಡಿಕೊಳ್ಳಬೇಕು. ಫೋನ್ ಮಾಡಿ ಸಿಹಿಯಾಗಿ ಮಾತನಾಡುವ ಏಜೆಂಟರನ್ನು ನಂಬಬಾರದು. ಗ್ರಾಮದಲ್ಲಿ ಕೈಯಾರೆ ಮಾಡುವ ಕೆಲಸಕ್ಕೆ ಎಷ್ಟು ವಾರ ಮೀಸಲು, ಅದನ್ನು ನೋಡಿಕೊಳ್ಳುವ ಗುರು ಯಾರು ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಅದು ಕಾಗದ ಮಾರುವ ಅಂಗಡಿ.

ಒಳ್ಳೆಯ ದಾರಿ ಇಲ್ಲವೆಂದಲ್ಲ. ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ಒದಗಿಸುವುದಕ್ಕಾಗಿ ದೆಹಲಿಯ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ ದಾದಿಯರಿಗೆ ಆರು ತಿಂಗಳ ಕೋರ್ಸನ್ನು ತೆರೆಯಿತು. ಮನೆಯಲ್ಲಿ ಓದಲು ಪಾಠದ ಪುಸ್ತಕ, ಕೈಕೆಲಸ ಕಲಿಯಲು ಸರಕಾರಿ ಆಸ್ಪತ್ರೆ ಮತ್ತು ಆರೋಗ್ಯ ಕೇಂದ್ರಗಳು. ಮುಗಿಸಿದವರಿಗೆ ಉಪಕೇಂದ್ರದಲ್ಲಿ ಹುದ್ದೆ. ಅಂದರೆ ದೂರಶಿಕ್ಷಣ, ಕೈಕೆಲಸ, ಹುದ್ದೆ ಈ ಮೂರನ್ನೂ ಒಟ್ಟಿಗೆ ಹೊಲಿಯಲು ಸರಕಾರಕ್ಕೆ ಮನಸ್ಸಿದ್ದರೆ ಸಾಧ್ಯವೆಂಬುದು ಸಿದ್ಧವಾಯಿತು. ಆದರೆ ಆ ಹುದ್ದೆ ಗುತ್ತಿಗೆಯದು. ಐದು ಸಾವಿರ ಜನರ ಆರೋಗ್ಯವನ್ನು ಒಪ್ಪಿಸಿದವರಿಗೆ ನಾಳೆಯ ಭರವಸೆಯಿಲ್ಲ. ಗೇರು ಗುಡ್ಡೆಯ ವಿಷದಂಥ ಒಂದು ವಿಷಯವನ್ನು ಎತ್ತಿ ಹಿಡಿದರೆ ಗುತ್ತಿಗೆ ಮುಂದುವರಿಯುವುದೋ ಇಲ್ಲವೋ ಎಂದು ಹೆದರುವವರು ಯಾವ ಸತ್ಯವನ್ನು ಬರೆದಾರು? ಆಶಾ ಕಾರ್ಯಕರ್ತೆಯರ ಸ್ಥಿತಿಯಂತೂ ಎಲ್ಲರಿಗೂ ಗೊತ್ತಿರುವುದೇ. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕೈಕಾಲುಗಳೇ ಅವರು. ಗೆರಟೆಯಲ್ಲಿ ಸೊಳ್ಳೆಯ ಮರಿಹುಳ ಹುಡುಕುವುದೂ ಅವರೇ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತ ಮೇಲೆಯೇ ತಿಂಗಳಿಗೆ 10,000 ರೂಪಾಯಿಯ ಭರವಸೆ ಅವರಿಗೆ ಸಿಕ್ಕಿತು. ಸರಕಾರದ ಭಾಷೆಯಲ್ಲಿ ಅವರು ಇನ್ನೂ ಕೆಲಸಗಾರರಲ್ಲ, ಸ್ವಯಂಸೇವಕಿಯರು.

ತಾಯಿಯ ಪ್ರಶ್ನೆಗೆ ಈಗ ಬಂದೆವು. ಬಂದ ರೋಗಕ್ಕೆ ಬಿಲ್ಲಿದೆ, ಬಿಲ್ಲಿನಲ್ಲಿ ಲಾಭವಿದೆ, ಲಾಭವಿರುವಲ್ಲಿ ಕಟ್ಟಡ ಏಳುತ್ತದೆ. ನಮ್ಮ ಜಿಲ್ಲೆಯಷ್ಟು ಖಾಸಗಿ ಮೆಡಿಕಲ್ ಕಾಲೇಜುಗಳಿರುವ ಜಿಲ್ಲೆ ರಾಜ್ಯದಲ್ಲಿ ವಿರಳ. ಸುಳ್ಯದಂಥ ಚಿಕ್ಕ ಪೇಟೆಯಲ್ಲೂ ಒಂದಿದೆ. ಪುತ್ತೂರಿಗೆ ಸರಕಾರಿ ಮೆಡಿಕಲ್ ಕಾಲೇಜು ಬೇಕೆಂಬ ಕೂಗೂ ಹಳೆಯದು, ಅದು ನ್ಯಾಯವಾದುದೇ. ಬಾರದ ಜ್ವರಕ್ಕೆ ಮಾತ್ರ ಯಾರೂ ಬಿಲ್ಲು ಬರೆಯಲಾರರು. ಆದಕಾರಣ ಆ ಕೆಲಸದ ಸಂಬಳ ಸಾರ್ವಜನಿಕ ಬೊಕ್ಕಸದಿಂದಲೇ ಬರತಕ್ಕದ್ದು. ಇದು ನಮ್ಮ ಹೊಸ ಶೋಧವೇನಲ್ಲ. ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿಯೇ, ಇನ್ನೂ ಬ್ರಿಟಿಷರಿದ್ದಾಗಲೇ, ಚಿಕಿತ್ಸೆಯನ್ನೂ ತಡೆಯನ್ನೂ ಒಂದೇ ಸೂರಿನ ಕೆಳಗೆ ತರಬೇಕು, ವೈದ್ಯನಾಗುವವನು ಸಮಾಜವನ್ನು ಓದಬೇಕು ಎಂದು ಬರೆದಿತ್ತು.

ಇಲ್ಲಿ ಒಂದು ಕಷ್ಟವನ್ನು ಮರೆಮಾಚಬಾರದು. ಈ ವಿದ್ಯೆ ಹೇಳುವುದೆಲ್ಲ ನಮಗೆ ಹಿತವಾಗಿರುವುದಿಲ್ಲ. ಜೆಫ್ರಿ ರೋಸ್ ಎಂಬ ಇಂಗ್ಲಿಷ್ ವೈದ್ಯರು 1980ರ ದಶಕದಲ್ಲಿ ಒಂದು ವಿಚಿತ್ರವನ್ನು ತೋರಿಸಿದರು. ಇಡೀ ಊರಿಗೆ ದೊಡ್ಡ ಲಾಭ ತರುವ ಕ್ರಮದಿಂದ ಒಬ್ಬೊಬ್ಬನಿಗೆ ಕಾಣುವ ಲಾಭ ಬಹಳ ಚಿಕ್ಕದು. ಹಾಗಾಗಿ ಅದಕ್ಕಾಗಿ ಯಾರೂ ಬೀದಿಗಿಳಿಯುವುದಿಲ್ಲ. ಕಹಿ ಇನ್ನೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ, ಹೊಗೆಸೊಪ್ಪು ಸೇರಿಸದ ಅಡಿಕೆಯನ್ನೇ, ಅರ್ಬುದಕಾರಕವೆಂದು ಸಾರಿತು. ನಮ್ಮ ಮೂರು ತಾಲೂಕುಗಳ ಅನ್ನ ಅಡಿಕೆಯಿಂದ ಬರುತ್ತದೆ; ಬೆಳೆಗಾರನದ್ದು ಮಾತ್ರವಲ್ಲ, ಸುಲಿಯುವವರದ್ದು, ಹೊರುವವರದ್ದು, ಪುತ್ತೂರಿನ ಅಂಗಡಿಗಳದ್ದು, ಜಾಹೀರಾತಿನ ಮೂಲಕ ನಮ್ಮಂಥ ಪತ್ರಿಕೆಗಳದ್ದೂ. 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಎರಡು ಬೇರೆ ಚೀಟುಗಳಾಗಿ ಅದೇ ಸರಕು ಚಿಕ್ಕ ಅಂಗಡಿಗಳಲ್ಲಿ ನೇತಾಡುತ್ತಿರುವುದನ್ನು ನಮ್ಮ ವ್ಯಾಪಾರಿ ಮಿತ್ರರೂ ಬಲ್ಲರು. ನಾಳೆ ಆ ಹುಡುಗಿ ಓದು ಮುಗಿಸಿ ಬಂದು, ನಿಮ್ಮ ವಾರ್ಡಿನಲ್ಲಿ ಬಾಯಿಯ ಹುಣ್ಣಿನವರು ಇಷ್ಟು ಮಂದಿ ಎಂದು ಎಣಿಸಿ ಹೇಳಿದರೆ ನಾವು ಅವಳನ್ನು ಊರ ದ್ರೋಹಿ ಎನ್ನುವೆವೋ, ಕುಳಿತು ಕೇಳುವೆವೋ? ಹೆಲಿಕಾಪ್ಟರಿನ ವಿರುದ್ಧ ಮಾತಾಡಿದವರಿಗೆ ಗೇರಿನ ಅಭಿವೃದ್ಧಿಯ ವಿರೋಧಿಗಳೆಂಬ ಹೆಸರು ಬಂದಿತ್ತೆಂಬುದನ್ನು ನೆನೆದುಕೊಳ್ಳಬೇಕು.

ಮುಂದಾಗಿ ತಡೆಯುವ ಯೋಚನೆ ನಮ್ಮ ಜನಕ್ಕೆ ಹೊಸತೇನೂ ಅಲ್ಲ. ಆಟಿಯ ಅಮಾವಾಸ್ಯೆಗೆ ಬೆಳಗಿನ ಜಾವ ಹಾಲೆ ಮರದ ತೊಗಟೆ ತಂದು ಕಷಾಯ ಕುಡಿಯುವ ಮನೆಗಳು ಇಂದಿಗೂ ಇವೆ. ಊರಿನ ಮಾರಿಯನ್ನು ಕಳೆಯಲೆಂದು ಆಟಿ ಕಳಂಜ ಅಂಗಳಕ್ಕೆ ಬರುತ್ತಾನೆ, ಅವನಿಗೆ ಅಕ್ಕಿ, ತೆಂಗಿನಕಾಯಿ ಕೊಡುತ್ತೇವೆ. ಬಾರದ ರೋಗಕ್ಕೆ ಊರು ಸಂಬಳ ಕೊಟ್ಟ ಪದ್ಧತಿ ಅದು ಎಂದು ಆ ತಾಯಿಗೆ ಅಂದೇ ಹೇಳಲು ನಮಗೆ ಹೊಳೆಯಲಿಲ್ಲ.

ಆದುದರಿಂದ ನಮ್ಮ ಬೇಡಿಕೆಯನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ಈ ಶಾಸ್ತ್ರದ ಸ್ನಾತಕೋತ್ತರ ಪಾಠವನ್ನು ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವೂ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವೂ ಕೂಡಿ, ಯು.ಜಿ.ಸಿ.ಯ ಒಪ್ಪಿಗೆ ಪಡೆದು, ಕನ್ನಡದ ಪುಸ್ತಕಗಳೊಂದಿಗೆ ನಡೆಸಲಿ. ಪಾಠ ಮನೆಗೆ ಬರಲಿ. ಕೈಕೆಲಸ ತಾಲೂಕು ಆಸ್ಪತ್ರೆಯಲ್ಲಿಯೂ ಉಪಕೇಂದ್ರದಲ್ಲಿಯೂ ಆಗಲಿ. ಕರೆಂಟು ಹೋದರೂ ನಿಲ್ಲದ ಒಂದು ಕೋಣೆಯನ್ನು ಪ್ರತಿ ಗ್ರಾಮ ಪಂಚಾಯತಿನ ಗ್ರಂಥಾಲಯದಲ್ಲಿ ಇದಕ್ಕಾಗಿ ಇಡಲಿ. ಆಶಾ ಕಾರ್ಯಕರ್ತೆಯರೂ ದಾದಿಯರೂ ಓದುವುದಾದರೆ ಫೀಸು ಸರಕಾರದ್ದು, ಪರೀಕ್ಷೆಯ ದಿನಗಳಿಗೆ ಸಂಬಳದ ರಜೆ. ಓದಿದವರಿಗೆ ತಾಲೂಕಿಗೆ ಇಷ್ಟೆಂದು ಕಾಯಂ ಹುದ್ದೆ. ಅವರು ಬರೆದ ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳುವ ಕಟ್ಟುಪಾಡು. ಈ ಕೊನೆಯದನ್ನು ಬಿಟ್ಟರೆ ಉಳಿದುದಕ್ಕೆ ಬೆಲೆಯಿಲ್ಲ. ಬೆಂಗಳೂರಿಗೆ ಹೋದ ಲೆಕ್ಕ ಬೆಂಗಳೂರಿನಲ್ಲೇ ಉಳಿಯುತ್ತದೆ. ಗೇರು ಕಾರ್ಖಾನೆಯಲ್ಲಿ ಎಷ್ಟು ಮಂದಿಯ ಕೈ ಸುಲಿದಿದೆ, ಬೀಡಿ ಕಟ್ಟುವ ಎಷ್ಟು ಹೆಂಗಸರಿಗೆ ಉಬ್ಬಸ, ಅಕ್ಕಿ ಮಿಲ್ಲಿನ ಧೂಳಿನಲ್ಲಿ ಎಷ್ಟು ಮಂದಿಗೆ ಕೆಮ್ಮು ಎಂಬುದೂ ಆ ಲೆಕ್ಕದಲ್ಲಿ ಸೇರಿರಬೇಕು.

ಸರಕಾರ ಮಾಡುವ ವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಮೊಳಹಳ್ಳಿ ಶಿವರಾಯರು ಸಹಕಾರ ಚಳವಳಿ ಕಟ್ಟಿದ ಊರು ಪುತ್ತೂರು. ಅಡಿಕೆಗೆ, ಹಾಲಿಗೆ, ಚಿನ್ನದ ಅಡವಿಗೆ ಸಾಲ ಕೊಡುವ ನಮ್ಮ ಸೊಸೈಟಿಗಳು ತಮ್ಮ ಲಾಭದ ಒಂದು ಚೂರನ್ನು ಗ್ರಾಮಕ್ಕೊಬ್ಬ ಹುಡುಗಿಯ ಈ ಓದಿಗೆ ಇಟ್ಟರೆ ಯಾವ ಸದಸ್ಯನೂ ಬೇಡವೆನ್ನನು. ಯೂನಿಯನ್ನುಗಳೂ ವರ್ತಕರ ಸಂಘಗಳೂ ಮುಂದಿನ ಮಹಾಸಭೆಯಲ್ಲಿ ಇದನ್ನು ಎತ್ತಲಿ.

ಆ ತಾಯಿ ಮಗಳು ಅಂದು ಸಂಜೆಯ ಬಸ್ಸಿಗೆ ಕಡಬಕ್ಕೆ ಹೊರಟರು. ಹೊರರಾಜ್ಯದ ಆ ಕೋರ್ಸು ಪಟ್ಟಿಯಲ್ಲಿಲ್ಲವೆಂದು ಮಗಳು ಮೊನ್ನೆ ಫೋನ್ ಮಾಡಿ ತಿಳಿಸಿದಳು, ಹಣ ಕಟ್ಟಲಿಲ್ಲವಂತೆ. ಮುಂದಿನ ವರ್ಷ ಬೇರೆ ನೋಡುತ್ತಾಳೆ. ಈ ನಡುವೆ ಪಕ್ಕದ ದಿನಸಿ ಅಂಗಡಿಯವರಿಂದ ಒಂದು ಖಾಲಿ ಲೆಕ್ಕದ ಪುಸ್ತಕ ಪಡೆದು, ಪಾಳಿಯಿಲ್ಲದ ದಿನಗಳಲ್ಲಿ ತನ್ನ ಬೈಲಿನ ಅರುವತ್ತು ಮನೆಗಳಲ್ಲಿ ಈ ಮಳೆಗಾಲ ಯಾರಿಗೆ ಯಾವ ವಾರ ಜ್ವರ ಬಂತು, ಯಾವ ತೋಟದ ಅಂಚಿನ ಮನೆ ಎಂದು ಬರೆಯಲು ಶುರುಮಾಡಿದ್ದಾಳೆ. ಮೊದಲ ಪುಟದಲ್ಲಿ ಏನು ಬರೆಯಲಿ ಎಂದು ಕೇಳಿದಳು. ತಾರೀಕು ಬರೆ ಮಗಳೇ, ಎಂದೆವು.